ಕಲ್ಲುನಾಡಿನ ಈಜುಗಾರರು

ಬಾದಾಮಿಯ ಕಡೆಯಿಂದ ಗುಡ್ಡದ ಕಾಲುದಾರಿಯನ್ನು ಹತ್ತಿ ಇಳಿದು, ಬೆವರಿ ಬಾಯಾರಿ, ಮಹಾಕೂಟದ ಪ್ರಾಕಾರವನ್ನು ಹೊಕ್ಕವನಿಗೆ ಮೊದಲು ಕಿವಿಗೆ ಬೀಳುವುದು ಗಂಟೆಯ ನಾದವಲ್ಲ, ನೀರಿಗೆ ದೇಹ ಬೀಳುವ ಸದ್ದು. ಚಾಲುಕ್ಯರ ಕಾಲದಿಂದಲೂ ಬುಗ್ಗೆಯ ನೀರು ತುಂಬಿ ತುಳುಕುವ ಅಲ್ಲಿಯ ವಿಷ್ಣು ಪುಷ್ಕರಿಣಿಯಲ್ಲಿ, ನೀರೊಳಗೇ ನಿಂತಿರುವ ಪುಟ್ಟ ಲಿಂಗಮಂಟಪದ ಸುತ್ತ, ಊರ ಹುಡುಗರು ಕಟ್ಟೆಯ ಮೇಲಿಂದ ‘ಡೈ’ ಹೊಡೆಯುತ್ತಿರುತ್ತಾರೆ. ಒಬ್ಬನು ಮೊಣಕಾಲು ಅಪ್ಪಿಕೊಂಡು ಗುಂಡಿನಂತೆ ಬೀಳುವನು. ಇನ್ನೊಬ್ಬನು ಗಾಳಿಯಲ್ಲಿ ಲಾಗ ಹಾಕಲು ಹೋಗಿ, ಅರ್ಧಕ್ಕೇ ಲೆಕ್ಕ ತಪ್ಪಿ, ಹೊಟ್ಟೆ ಬಡಿಸಿಕೊಂಡು, ಕೆಂಪಾದ ಚರ್ಮವನ್ನು ಉಜ್ಜಿಕೊಳ್ಳುತ್ತ ಪಾವಟಿಗೆ ಏರುವನು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಜಲಕ್ರೀಡೆಯನ್ನು ರಾಜಯೋಗ್ಯವಾದ ವಿನೋದಗಳ ಸಾಲಿನಲ್ಲಿ ಸೇರಿಸಿದ್ದಾನೆ, ಆದರೆ ಮಹಾಕೂಟದ ಈ ಹುಡುಗರಿಗೆ ಅರಸನ ಅಪ್ಪಣೆಯ ಅಗತ್ಯವೇನೂ ಇದ್ದಂತೆ ಕಾಣುವುದಿಲ್ಲ.

ನಾನು ಈಸು ಕಲಿತದ್ದು ಇಷ್ಟು ಪವಿತ್ರವಾದ ಸ್ಥಳದಲ್ಲಲ್ಲ. ಹಳೆಯ ಬಾಗಲಕೋಟೆಯ ಹೊರಗೆ, ತೋಟವೊಂದರ ಬಾವಿಯಲ್ಲಿ. ಸೋದರಮಾವನು ನಡುವಿಗೆ ಬೆಂಡು ಕಟ್ಟಿ, ಹಗ್ಗದ ತುದಿಯನ್ನು ತನ್ನ ಕೈಯಲ್ಲಿ ಹಿಡಿದು, ನನ್ನನ್ನು ನೀರಿಗೆ ನೂಕಿ, ಮೇಲಿನಿಂದ ಕೂಗುತ್ತಿದ್ದ ಪಾಠ ಒಂದೇ: “ತಮ್ಮಾ, ಅಂಜಬ್ಯಾಡ. ನೀರನ್ನ ಹಿಂದಕ್ಕ ನೂಕು, ನೀ ಮುಂದಕ್ಕ ಹೋಗ್ತಿ.” ಅಕ್ಷರ ಬಾರದ ಆ ಮನುಷ್ಯನ ಒಂದು ವಾಕ್ಯವು ಭೂಗೋಳದ ಇನ್ನೊಂದು ಮಗ್ಗುಲಿನ ಒಂದು ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಚರ್ಚೆಯ ವಸ್ತುವಾಗಿತ್ತೆಂದೂ, ಅದನ್ನು ಅಲ್ಲಗಳೆದವನು ಆ ಕಾಲದ ಪ್ರಪಂಚದಲ್ಲಿಯೇ ಅತ್ಯಂತ ಪ್ರಸಿದ್ಧನಾದ ಈಜುಗುರುವಾಗಿದ್ದನೆಂದೂ ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಆ ವಿಶ್ವವಿದ್ಯಾಲಯವಿರುವುದು ಅಮೆರಿಕದ ಇಂಡಿಯಾನಾ ಸಂಸ್ಥಾನದ ಬ್ಲೂಮಿಂಗ್ಟನ್ ಎಂಬ ಊರಿನಲ್ಲಿ. ಸಮುದ್ರವು ಅಲ್ಲಿಂದ ನೂರಾರು ಮೈಲಿ ದೂರ. ನಮ್ಮ ಜಿಲ್ಲೆಯಂತೆಯೇ ಅದೂ ಕಲ್ಲಿನ ನಾಡು: ಬಾದಾಮಿಗೆ ಮರಳುಗಲ್ಲು, ಇಳಕಲ್ಲಿಗೆ ಕೆಂಪು ಗ್ರಾನೈಟು, ಬಾಗಲಕೋಟೆಗೆ ಸಿಮೆಂಟಾಗಿ ಹೋಗುವ ಸುಣ್ಣದ ಕಲ್ಲು ಹೇಗೋ, ಬ್ಲೂಮಿಂಗ್ಟನ್ನಿನ ಸುತ್ತಮುತ್ತಲ ನೆಲಕ್ಕೆ ನಸುಬಿಳಿಯ ಸುಣ್ಣಗಲ್ಲು ಹಾಗೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮುಖಕ್ಕೆ ಹೊದಿಸಿದ ಕಲ್ಲು ಆ ಸೀಮೆಯ ಖಣಿಗಳಿಂದ ಹೋದದ್ದು. ಕಲ್ಲು ತೆಗೆದ ಮೇಲೆ ಉಳಿದ ಆಳವಾದ ಗುಂಡಿಗಳಲ್ಲಿ ಮಳೆಯ ನೀರು ನಿಂತು, ಊರ ಹುಡುಗರು ಅಂಚಿನ ಬಂಡೆಗಳ ಮೇಲಿಂದ ಅದರೊಳಕ್ಕೆ ಹಾರುವರು. 1979ರಲ್ಲಿ ಬಂದ ‘ಬ್ರೇಕಿಂಗ್ ಅವೇ’ ಎಂಬ ಚಲನಚಿತ್ರದಲ್ಲಿ ಈ ಖಣಿಯ ಈಜನ್ನೂ ಆ ಊರಿನ ಸೈಕಲ್ ಪಂದ್ಯವನ್ನೂ ಕಂಡ ನಮ್ಮ ಕಡೆಯವನಿಗೆ, ಸೈಕಲ್ ಸವಾರರಿಗೆ ಹೆಸರಾದ ಬಾಗಲಕೋಟೆ–ವಿಜಯಪುರಗಳ ನೆನಪಾಗದೆ ಇರಲಾರದು.

1957ಕ್ಕಿಂತ ಮುಂಚೆ ಇಂಡಿಯಾನಾದ ಈಜು ತಂಡವು ಇದ್ದೂ ಇಲ್ಲದಂತಿತ್ತು. ಮಧ್ಯಪಶ್ಚಿಮದ ಹತ್ತು ಮಹಾವಿಶ್ವವಿದ್ಯಾಲಯಗಳ ಕೂಟವಾಗಿದ್ದ ‘ಬಿಗ್ ಟೆನ್’ನಲ್ಲಿ ಆಗ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ್ದು ಏಕಚ್ಛತ್ರಾಧಿಪತ್ಯ, ಅಲ್ಲಿಯ ತರಬೇತುದಾರ ಮೈಕ್ ಪೆಪ್ಪೆಯ ಶಿಷ್ಯರು 1943ರಿಂದ 1962ರ ವರೆಗೆ ಹನ್ನೊಂದು ಸಲ ರಾಷ್ಟ್ರೀಯ ಕಾಲೇಜು ಪ್ರಶಸ್ತಿಯನ್ನು ಗೆದ್ದರು. ಈ ಆಧಿಪತ್ಯವನ್ನು ಮುರಿದವರಿಬ್ಬರೂ ಪೆಪ್ಪೆಯ ಗರಡಿಯಿಂದಲೇ ಹೊರಟವರು ಎಂಬುದು ಈ ಕಥೆಯ ಒಂದು ಸೊಗಸು.

ಮೊದಲನೆಯವನು ಜೇಮ್ಸ್ ಕೌನ್ಸಿಲ್‌ಮನ್. 1920ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಸೇಂಟ್ ಲೂಯಿಯಲ್ಲಿ ಬೆಳೆದು, ಓಹಾಯೊದಲ್ಲಿ ಓದುತ್ತಿರುವಾಗಲೇ ಎರಡನೆಯ ಮಹಾಯುದ್ಧವು ಅವನನ್ನು ಎಳೆದುಕೊಂಡು, ಬಾಂಬರ್ ವಿಮಾನದ ಚಾಲಕನನ್ನಾಗಿ ಮಾಡಿತು. ಯುರೋಪಿನ ಆಕಾಶದಲ್ಲಿ ಹಾರಾಡಿ, ಒಮ್ಮೆ ಹಾನಿಗೊಂಡ ವಿಮಾನವನ್ನು ಯುಗೋಸ್ಲಾವಿಯದ ನೆಲದಲ್ಲಿ ಹೇಗೋ ಇಳಿಸಿ, ಶೌರ್ಯಪದಕವನ್ನು ಧರಿಸಿ ಮರಳಿದ ಅವನು ಮತ್ತೆ ಪುಸ್ತಕ ಹಿಡಿದು, 1951ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟನ್ನು ಪಡೆದನು. ಅಂದಿನಿಂದ ಕೊನೆಯವರೆಗೂ ಎಲ್ಲರಿಗೂ ಅವನು ‘ಡಾಕ್’. ರೆಕ್ಕೆಯ ಮೇಲೆಯೂ ಕೆಳಗೆಯೂ ಗಾಳಿ ಹರಿಯುವ ರೀತಿಯು ವಿಮಾನವನ್ನು ಹೇಗೆ ಎತ್ತಿ ಹಿಡಿಯುತ್ತದೆ ಎಂಬುದನ್ನು ಜೀವದ ಬೆಲೆಯಲ್ಲಿ ಕಲಿತವನು ಮುಂದೆ ಈಜುಗಾರನ ಅಂಗೈಯನ್ನು ಹೇಗೆ ಕಂಡನು ಎಂಬುದನ್ನು ಓದುಗರು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನ್ಯೂಯಾರ್ಕ್ ಸಂಸ್ಥಾನದ ಕೋರ್ಟ್‌ಲ್ಯಾಂಡ್ ಎಂಬ ಸಣ್ಣ ಊರಿನ ಶಿಕ್ಷಕರ ಕಾಲೇಜಿನಲ್ಲಿ ಅವನು ತರಬೇತುದಾರನಾಗಿದ್ದಾಗ, ಜಾರ್ಜ್ ಬ್ರೀನ್ ಎಂಬ ತರುಣನನ್ನು ತಿದ್ದಿ ತೀಡಿ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ 1,500 ಮೀಟರಿನ ವಿಶ್ವದಾಖಲೆಗೆ ಮುಟ್ಟಿಸಿದನು. ಸಾಮಾನ್ಯ ಕಾಲೇಜೊಂದರಿಂದ ಇಂಥ ಈಜುಗಾರ ಬಂದನೆಂದ ಮೇಲೆ ಗುರುವಿನ ಹೆಸರು ಹೊರಗೆ ಬರದೆ ಇರುವುದು ಹೇಗೆ? ಮರುವರ್ಷವೇ ಇಂಡಿಯಾನಾದ ಕರೆ ಬಂದಿತು.

ಡಾಕ್ ಬ್ಲೂಮಿಂಗ್ಟನ್ನಿಗೆ ತಂದದ್ದು ಮುಖ್ಯವಾಗಿ ಎರಡು ವಸ್ತುಗಳನ್ನು: ಗಡಿಯಾರ ಮತ್ತು ಕ್ಯಾಮರಾ. ಗೋಡೆಗೆ ಆನಿಸಿ ನಿಲ್ಲಿಸಿದ, ದೂರದಿಂದಲೂ ಕಾಣುವ ದೊಡ್ಡ ಸೆಕೆಂಡಿನ ಮುಳ್ಳುಳ್ಳ ಆ ಗಡಿಯಾರದ ಕಲ್ಪನೆಯ ಹಿರಿಮೆಯನ್ನು ಸಾಮಾನ್ಯವಾಗಿ ಅವನಿಗೇ ಸಲ್ಲಿಸುತ್ತಾರೆ. ಒಂದು ದೂರವನ್ನು ಈಜಿ, ಮುಳ್ಳು ನೋಡಿ, ಇಷ್ಟು ಸೆಕೆಂಡು ದಣಿವಾರಿಸಿ, ಮತ್ತೆ ಅದೇ ದೂರವನ್ನು ಅದೇ ವೇಗದಲ್ಲಿ ಈಜುವ ಅಂತರ-ಅಭ್ಯಾಸದ ಕ್ರಮವು ಯುರೋಪಿನ ಓಟಗಾರರಲ್ಲಿ ಮೊದಲೇ ಇತ್ತು. ಅದನ್ನು ನೀರಿಗಿಳಿಸಿ, ವ್ಯವಸ್ಥೆಗೊಳಿಸಿ, ಪ್ರತಿಯೊಬ್ಬ ಹುಡುಗನೂ ತನ್ನ ವೇಗಕ್ಕೆ ತಾನೇ ಸಾಕ್ಷಿಯಾಗುವಂತೆ ಮಾಡಿದವನು ಡಾಕ್. ಇಷ್ಟೆಲ್ಲ ಶಾಸ್ತ್ರದ ಜೊತೆಗೆ, ಚೆನ್ನಾಗಿ ಈಜಿದವನ ಕೈಗೆ ಜೆಲ್ಲಿಬೀನ್ ಎಂಬ ಸಕ್ಕರೆ ಮಿಠಾಯಿಯನ್ನು ಹಾಕುತ್ತಿದ್ದನಂತೆ. ವಿಶ್ವದಾಖಲೆಯ ವೀರರು ಶಾಲೆಯ ಮಕ್ಕಳಂತೆ ಆ ಮಿಠಾಯಿಗೆ ಕೈ ಚಾಚುತ್ತಿದ್ದ ಚಿತ್ರವನ್ನು ನೆನೆದರೆ, ಈ ಮನುಷ್ಯನ ಯಶಸ್ಸಿಗೆ ಶರೀರಶಾಸ್ತ್ರವೊಂದೇ ಕಾರಣವಲ್ಲವೆಂದು ನನಗೆ ತೋರುತ್ತದೆ.

ಫಲ ಬೇಗನೆ ಬಂದಿತು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಂಡಿಯಾನಾದ ಮೈಕ್ ಟ್ರಾಯ್ 200 ಮೀಟರ್ ಬಟರ್‌ಫ್ಲೈ ಸ್ವರ್ಣವನ್ನು ಗೆದ್ದನು. ಮರುವರ್ಷ ಚೆಟ್ ಜಾಸ್ಟ್ರೆಂಸ್ಕಿ ಎಂಬ ಗಿಡ್ಡ ಮೈಕಟ್ಟಿನ ಹುಡುಗ, ನಮ್ಮಲ್ಲಿ ಕಪ್ಪೆಯೀಜೆನ್ನುವ ಬ್ರೆಸ್ಟ್‌ಸ್ಟ್ರೋಕಿನಲ್ಲಿ, ಒಂದೇ ಬೇಸಗೆಯೊಳಗೆ 100 ಮೀಟರಿನ ವಿಶ್ವದಾಖಲೆಯನ್ನು ಮೇಲಿಂದ ಮೇಲೆ ಮುರಿಯುತ್ತ, 1 ನಿಮಿಷ 11 ಸೆಕೆಂಡುಗಳ ಮೇಲಿದ್ದುದನ್ನು 1 ನಿಮಿಷ 7.5 ಸೆಕೆಂಡಿಗೆ ತಂದು ನಿಲ್ಲಿಸಿದನು. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಾಗಿ ವರ್ಷಗಟ್ಟಲೆ ಬೆವರು ಸುರಿಸುವ ಆಟದಲ್ಲಿ ಹೀಗೆ ಒಮ್ಮೆಲೆ ಮೂರೂವರೆ ಸೆಕೆಂಡು ಕರಗಿ ಹೋಯಿತೆಂದರೆ, ಅದು ಸುಧಾರಣೆಯಲ್ಲ, ಕ್ರಾಂತಿ. ಅಗಲವಾದ ಕೈಬೀಸನ್ನು ಬಿಟ್ಟು ಎದೆಯ ಕೆಳಗೇ ಚುರುಕಾಗಿ ಸುಳಿಯುವ ಕೈಯನ್ನೂ, ಮೊಣಕಾಲುಗಳನ್ನು ಹತ್ತಿರ ಇಟ್ಟುಕೊಂಡು ಚಾವಟಿಯಂತೆ ಬೀಸುವ ಕಾಲನ್ನೂ ಗುರುಶಿಷ್ಯರಿಬ್ಬರೂ ಕೂಡಿ ರೂಢಿಸಿದ್ದರು.

ಆದರೆ ವಿಧಿಯ ಕುಚೋದ್ಯವೋ ಎಂಬಂತೆ, ತಂಡವು ಈ ಶಿಖರವನ್ನೇರಿದ ವರ್ಷಗಳಲ್ಲಿಯೇ ಅದಕ್ಕೆ ರಾಷ್ಟ್ರೀಯ ಕಾಲೇಜು ಪಂದ್ಯಗಳ ಬಾಗಿಲು ಮುಚ್ಚಿತ್ತು. 1960ರಲ್ಲಿ, ವಿಶ್ವವಿದ್ಯಾಲಯದ ಫುಟ್‌ಬಾಲ್ ವಿಭಾಗದವರು ಆಟಗಾರರನ್ನು ಸೆಳೆಯುವಲ್ಲಿ ನಿಯಮವನ್ನು ಮೀರಿದರೆಂದು, ರಾಷ್ಟ್ರೀಯ ಕಾಲೇಜು ಕ್ರೀಡಾಸಂಘವು ನಾಲ್ಕು ವರ್ಷಗಳ ದಂಡನೆಯನ್ನು ವಿಧಿಸಿತು. ಆ ದಂಡನೆ ಫುಟ್‌ಬಾಲಿಗೆ ಮಾತ್ರವಲ್ಲದೆ ವಿಶ್ವವಿದ್ಯಾಲಯದ ಎಲ್ಲ ಆಟಗಳಿಗೂ ಅನ್ವಯಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನ್ಯಾಯ ಅಮೆರಿಕದಲ್ಲಿಯೂ ಉಂಟು! ಚೆಂಡನ್ನೇ ಮುಟ್ಟದ ಈಜುಗಾರರು, ಬಿಗ್ ಟೆನ್ ಪಂದ್ಯಗಳನ್ನು ಗೆಲ್ಲುತ್ತ, ಕಾಲೇಜುಗಳ ಹೊರಗಿನ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ದಾಖಲೆಗಳನ್ನು ಮುರಿಯುತ್ತ, ತಮ್ಮದಾಗಬಹುದಾಗಿದ್ದ ಕಿರೀಟವನ್ನು ಬೇರೆಯವರು ಧರಿಸುವುದನ್ನು ದೂರದಿಂದ ನೋಡಬೇಕಾಯಿತು. ಆ ತಂಡವು ಸ್ಪರ್ಧಿಸಿದ್ದರೆ ಗೆಲ್ಲುತ್ತಿತ್ತೇ ಎಂಬುದು ಇಂದಿಗೂ ಅಲ್ಲಿಯ ಹಳೆಯ ಅಭಿಮಾನಿಗಳ ವಾದದ ವಸ್ತು. ಗೆಲ್ಲುತ್ತಿತ್ತೆಂದೇ ಹೆಚ್ಚಿನವರ ಮತ. ಕಾಗದದ ಮೇಲಿನ ಸಮಯಗಳನ್ನು ಹೋಲಿಸಿ ನೋಡಿದರೆ ನನಗೂ ಹಾಗೆಯೇ ತೋರುತ್ತದೆ, ಆದರೂ ನಡೆಯದ ಪಂದ್ಯದಲ್ಲಿ ಯಾರೂ ಸೋತಿಲ್ಲ ಎಂಬ ಮಾತನ್ನು ಓಹಾಯೊದವರು ಹೇಳಿದರೆ ತಪ್ಪೆನ್ನಲಾಗದು.

ಈ ಮಧ್ಯೆ 1959ರಲ್ಲಿ ಪೆಪ್ಪೆಯ ಇನ್ನೊಬ್ಬ ಶಿಷ್ಯ, ಪೆನ್ಸಿಲ್ವೇನಿಯದ ಹೋಬಿ ಬಿಲ್ಲಿಂಗ್ಸ್‌ಲಿ, ಡೈವಿಂಗ್ ಗುರುವಾಗಿ ಬಂದು ಸೇರಿದ್ದನು. ಕಾಲೇಜು ಈಜು ಪಂದ್ಯದಲ್ಲಿ ಹಾರುಗಾರರು ತಂದ ಅಂಕಗಳೂ ತಂಡದ ಒಟ್ಟು ಲೆಕ್ಕಕ್ಕೆ ಸೇರುವುದರಿಂದ, ಒಂದು ಕೊಳದ ಎರಡು ತುದಿಗಳಲ್ಲಿ ನಿಂತ ಇಬ್ಬರು ಗುರುಗಳು ಒಂದೇ ಬಂಡಿಯ ಎರಡು ಎತ್ತುಗಳಾಗಬೇಕು. ಡಾಕ್ ಗಂಭೀರ ಶಾಸ್ತ್ರಜ್ಞ. ಹೋಬಿ ಜಲಪ್ರದರ್ಶನಗಳಲ್ಲಿ ವಿದೂಷಕನಾಗಿ ನೀರಿಗೆ ಬಿದ್ದು ಜನರನ್ನು ನಗಿಸಿದ ಆಸಾಮಿ. ಆದರೆ ಹಲಗೆಯ ಬಳಿ ನಿಂತಾಗ ಅವನ ಬಾಯಲ್ಲಿ ಬರುತ್ತಿದ್ದುದು ನ್ಯೂಟನ್ನನ ಚಲನ ನಿಯಮಗಳು. ಹಲಗೆಯನ್ನು ಎಷ್ಟು ಒತ್ತುವೆಯೋ ಅದು ಅಷ್ಟೇ ನಿನ್ನನ್ನು ಎತ್ತುತ್ತದೆ. ಹಲಗೆಯನ್ನು ಬಿಡುವ ಕ್ಷಣದಲ್ಲಿ ಎಷ್ಟು ಸುತ್ತನ್ನು ಪಡೆದಿದ್ದೆಯೋ ಅದೇ ನಿನ್ನ ಬಂಡವಾಳ, ಗಾಳಿಯಲ್ಲಿ ಅದನ್ನು ಹೆಚ್ಚಿಸಿಕೊಳ್ಳಲಾರೆ. ಮೈಯನ್ನು ಮುದುಡಿದರೆ ಬೇಗ ತಿರುಗುವೆ, ಚಾಚಿದರೆ ನಿಧಾನವಾಗುವೆ. ಮಹಾಕೂಟದಲ್ಲಿ ಹೊಟ್ಟೆ ಬಡಿಸಿಕೊಂಡ ಹುಡುಗನ ತಪ್ಪು ಇಲ್ಲಿಯೇ ಇತ್ತು: ಕಟ್ಟೆ ಬಿಡುವಾಗ ಸುತ್ತು ಸಾಲಲಿಲ್ಲ, ಮೇಲೆ ಹೋದ ಮೇಲೆ ಮೈ ಮುದುಡಲು ಅಂಜಿದ. 1964ರ ಟೋಕಿಯೊದಲ್ಲಿ ಹೋಬಿಯ ಶಿಷ್ಯ ಕೆನ್ ಸಿಟ್ಸ್‌ಬರ್ಗರ್ ಮೂರು ಮೀಟರ್ ಹಲಗೆಯ ಸ್ವರ್ಣಪದಕವನ್ನು ಗೆದ್ದು, ಈ ನ್ಯೂಟನ್ ಪಾಠದ ಬೆಲೆಯನ್ನು ಲೋಕಕ್ಕೆ ತೋರಿಸಿದನು. ಅದೇ ಟೋಕಿಯೊದಲ್ಲಿ ಅಮೆರಿಕದ ಪುರುಷರ ಈಜು ತಂಡದ ಮುಖ್ಯ ಗುರು ಡಾಕ್. ಹತ್ತು ಸ್ಪರ್ಧೆಗಳಲ್ಲಿ ಏಳು ಸ್ವರ್ಣಗಳು ಅವನ ತಂಡಕ್ಕೆ ಬಂದವು.

ದಂಡನೆಯ ಅವಧಿ ಮುಗಿದ ಬಳಿಕ ಕಟ್ಟೆಯೊಡೆದ ನೀರಿನಂತೆ ಇಂಡಿಯಾನಾ ಮುಂದಕ್ಕೆ ನುಗ್ಗಿತು. 1968ರಿಂದ 1973ರ ವರೆಗೆ ಸತತವಾಗಿ ಆರು ರಾಷ್ಟ್ರೀಯ ಪ್ರಶಸ್ತಿಗಳು. 1961ರಿಂದ 1980ರ ವರೆಗೆ ಸತತವಾಗಿ ಇಪ್ಪತ್ತು ಬಿಗ್ ಟೆನ್ ಪ್ರಶಸ್ತಿಗಳು. 1968ರ ಮೆಕ್ಸಿಕೊದಲ್ಲಿ ಚಾರ್ಲಿ ಹಿಕ್‌ಕಾಕ್ಸ್ ಒಬ್ಬನೇ ಮೂರು ಸ್ವರ್ಣ, ಒಂದು ರಜತ ಗೆದ್ದು ಬಂದನು. ಅದೇ ಮೆಕ್ಸಿಕೊದಿಂದ ತಲೆ ತಗ್ಗಿಸಿ ಮರಳಿದ ಇನ್ನೊಬ್ಬನಿದ್ದನು: ಕ್ಯಾಲಿಫೋರ್ನಿಯದ ಹದಿನೆಂಟು ವಯಸ್ಸಿನ ಮಾರ್ಕ್ ಸ್ಪಿಟ್ಸ್. ಆರು ಸ್ವರ್ಣಗಳ ಮಾತಾಡಿ ಹೋದವನಿಗೆ ಸಿಕ್ಕಿದ್ದು ಎರಡು, ಅವೂ ರಿಲೇಯಲ್ಲಿ. ಜೊತೆಯವರ ಮೂದಲಿಕೆಗೂ ಗುರಿಯಾಗಿ, ಸೋಲಿನ ಕಹಿಯನ್ನು ಹೊತ್ತುಕೊಂಡು ಬ್ಲೂಮಿಂಗ್ಟನ್ನಿಗೆ ಬಂದ ಈ ಹುಡುಗನನ್ನು ತಂಡದೊಳಗೆ ಬೆರೆಯುವಂತೆ ಮಾಡಿದ್ದು ಡಾಕ್‌ನ ದೊಡ್ಡ ಕೆಲಸವೆಂದು ಅವನನ್ನು ಬಲ್ಲವರು ಹೇಳುತ್ತಾರೆ. ಸ್ಪಿಟ್ಸನ ಕೈಕಾಲುಗಳನ್ನು ತಿದ್ದಿದವನು ಅದಕ್ಕೂ ಮುಂಚೆ ಸಾಂಟಾ ಕ್ಲಾರಾದ ಜಾರ್ಜ್ ಹೇನ್ಸ್. ಬ್ಲೂಮಿಂಗ್ಟನ್ನಿಗೆ ಬರುವಾಗಲೇ ಸ್ಪಿಟ್ಸ್ ವಿಶ್ವದಾಖಲೆಗಳ ಒಡೆಯ. ಹೀಗಿರಲು, ಬೆಳೆದ ಪೈರನ್ನು ಕೊಯ್ದವನು ರೈತನೇ ಎಂಬ ಪ್ರಶ್ನೆಯನ್ನು ಎತ್ತುವವರಿದ್ದಾರೆ. ಕೊಯ್ಲಿಗೂ ಕೌಶಲ ಬೇಕು, ಕಾಳು ಉದುರದಂತೆ ತರಬೇಕು ಎಂಬುದು ನಮ್ಮ ಎರೆಭೂಮಿಯ ಜೋಳದ ರೈತನಿಗೆ ಗೊತ್ತಿರುವ ವಿಷಯ. 1972ರ ಮ್ಯೂನಿಕ್‌ನಲ್ಲಿ ಸ್ಪಿಟ್ಸ್ ಏಳು ಸ್ಪರ್ಧೆಗಳಲ್ಲಿ ಇಳಿದು, ಏಳು ಸ್ವರ್ಣ ಗೆದ್ದನು, ಏಳರಲ್ಲಿಯೂ ವಿಶ್ವದಾಖಲೆ.

ಇನ್ನು ಕ್ಯಾಮರಾದ ಮಾತು. ಅಲ್ಲಿಯವರೆಗೆ ಈಜುಗುರುಗಳು ಕೊಳದ ದಂಡೆಯ ಮೇಲೆ ನಿಂತು, ಮೇಲೆ ಕಂಡದ್ದನ್ನೇ ತಿದ್ದುತ್ತಿದ್ದರು. ಕೈಯನ್ನು ನೆಟ್ಟಗೆ ಚಾಚಿ, ದೋಣಿಯ ಹುಟ್ಟಿನಂತೆ ನೇರವಾಗಿ ಹಿಂದಕ್ಕೆ ಎಳೆಯಬೇಕೆಂಬುದು ಪಾಠವಾಗಿತ್ತು. ಡಾಕ್ ನೀರಿನ ಕೆಳಗಿನಿಂದ ಚಿತ್ರ ತೆಗೆದು ನೋಡಿದಾಗ, ಉತ್ತಮ ಈಜುಗಾರರು ಗುರುಗಳ ಮಾತನ್ನು ಮೇಲೆ ಮೇಲೆ ಕೇಳಿ, ಒಳಗೆ ಬೇರೆಯೇ ಮಾಡುತ್ತಿದ್ದುದು ಬಯಲಾಯಿತು. ಅವರ ಮೊಣಕೈ ಬಾಗುತ್ತಿತ್ತು. ಅಂಗೈ ನೇರವಾಗಿ ಹೋಗದೆ ಹಾವಿನಂತೆ ಅತ್ತಿತ್ತ ಸುಳಿಯುತ್ತಿತ್ತು. ಕತ್ತಲೆಯ ಕೊಳದಲ್ಲಿ ಕೈಗೆ ಸಣ್ಣ ದೀಪವನ್ನು ಕಟ್ಟಿ ಈಜಿಸಿ ತೆಗೆದ ಚಿತ್ರದಲ್ಲಿ ಆ ಬೆಳಕಿನ ಗೆರೆ ಸ್ಪಷ್ಟವಾಗಿ ಮೂಡಿತು: ಕೈ ನೀರನ್ನು ಹೊಕ್ಕ ಸ್ಥಳಕ್ಕೂ ಹೊರಬಂದ ಸ್ಥಳಕ್ಕೂ ಹೆಚ್ಚಿನ ಅಂತರವೇ ಇಲ್ಲ, ಕೈ ಹಿಂದಕ್ಕೆ ಹೋಗುವುದಕ್ಕಿಂತ ಹೆಚ್ಚಾಗಿ ದೇಹವೇ ಕೈಯನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು.

1968ರಲ್ಲಿ ಪ್ರಕಟವಾದ ‘ದಿ ಸೈನ್ಸ್ ಆಫ್ ಸ್ವಿಮ್ಮಿಂಗ್’ ಎಂಬ ಗ್ರಂಥದಲ್ಲಿ ಅವನು ಇದನ್ನೆಲ್ಲ ಹೆಚ್ಚುಕಡಿಮೆ ನ್ಯೂಟನ್ನನ ಮೂರನೆಯ ನಿಯಮದಿಂದಲೇ ವಿವರಿಸಿದ್ದನು. ಆದರೆ ಅದಾಗಿ ಎರಡು ಮೂರು ವರ್ಷಗಳಲ್ಲಿಯೇ, ಹಳೆಯ ವಿಮಾನಚಾಲಕನು ಅವನೊಳಗೆ ಎಚ್ಚರಗೊಂಡನೋ ಏನೋ, ಈಜುಗಾರನ ಅಂಗೈಯು ಹುಟ್ಟಲ್ಲ, ಅದು ರೆಕ್ಕೆ; ಬರ್ನೂಲಿಯ ತತ್ತ್ವದಂತೆ ಅದು ನೀರಿನಲ್ಲಿ ಓರೆಯಾಗಿ ಸುಳಿದು ಎತ್ತುವ ಬಲವನ್ನು ಪಡೆದು ದೇಹವನ್ನು ಮುಂದಕ್ಕೆ ಒಯ್ಯುತ್ತದೆ ಎಂದು ಸಾರಿದನು. ಲೋಕದ ಈಜುಗೊಳಗಳಲ್ಲೆಲ್ಲ ಹುಡುಗರು ಅಂಗೈಯನ್ನು ಅತ್ತಿತ್ತ ಸುಳಿಸಲು ಕಲಿತರು. ಮುಂದೆ ಪ್ರಯೋಗಶಾಲೆಗಳಲ್ಲಿ ಕೈಯ ಮಾದರಿಗಳ ಮೇಲೆ ಬಲಗಳನ್ನು ಅಳೆದು ನೋಡಿದ ವಿದ್ವಾಂಸರು, ವಿಶೇಷವಾಗಿ 1990ರ ದಶಕದಲ್ಲಿ, ಈ ರೆಕ್ಕೆಯ ವಾದವು ಅತಿಯಾಯಿತೆಂದೂ, ನೀರನ್ನು ಹಿಂದಕ್ಕೆ ನೂಕುವಾಗ ಹುಟ್ಟುವ ಎದುರೊತ್ತೇ ಮುಖ್ಯವೆಂದೂ ತರ್ಕಿಸಿದರು. ಎರಡೂ ಬಲಗಳು ಕೂಡಿಯೇ ಕೆಲಸ ಮಾಡುತ್ತವೆ, ಅವುಗಳ ಪಾಲೆಷ್ಟೆಂಬುದಷ್ಟೇ ಪ್ರಶ್ನೆ ಎಂಬ ನಡುವಣ ಮತವೂ ಇದೆ. ತರಬೇತುದಾರರಂತೂ ಬಹುಮಟ್ಟಿಗೆ ಮೊಣಕೈ ಮೇಲಿಟ್ಟು ಅಂಗೈ–ಮುಂಗೈಗಳಿಂದ ನೀರನ್ನು ಹಿಂದಕ್ಕೆ ಒತ್ತುವ ಪಾಠಕ್ಕೆ ಮರಳಿದ್ದಾರೆ. ಬಾಗಿದ ಮೊಣಕೈ ಮಾತ್ರ ಡಾಕ್‌ನದು, ಅದು ಉಳಿಯಿತು. ಅವನು ಕಂಡದ್ದು ಸತ್ಯ, ಕಂಡದ್ದಕ್ಕೆ ಕೊಟ್ಟ ಕಾರಣ ಸಂದಿಗ್ಧ.

ಇಂಡಿಯಾನಾದ ಅವನತಿಗೆ ಆರಂಭವೆನ್ನಬಹುದಾದ ದಿನವನ್ನು ಅಂಕಿಯಲ್ಲಿಯೇ ತೋರಿಸಬಹುದು. 1974ರ ರಾಷ್ಟ್ರೀಯ ಪಂದ್ಯದಲ್ಲಿ ಪೀಟರ್ ಡ್ಯಾಲಂಡ್‌ನ ಶಿಷ್ಯರಾದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರಿಗೆ 339 ಅಂಕ, ಇಂಡಿಯಾನಾಕ್ಕೆ 338. ಒಂದು ಅಂಕ! ಯಾವನೋ ಒಬ್ಬ ಗೋಡೆಯನ್ನು ಮುಟ್ಟುವಾಗ ಬೆರಳನ್ನು ಇನ್ನಷ್ಟು ಚಾಚಿದ್ದರೆ, ಯಾವನೋ ಹಾರುಗಾರನ ಪಾದಗಳು ನೀರಿಗೆ ಇನ್ನಷ್ಟು ನೆಟ್ಟಗೆ ಇಳಿದಿದ್ದರೆ, ಏಳನೆಯ ಕಿರೀಟವೂ ಬ್ಲೂಮಿಂಗ್ಟನ್ನಿಗೇ ಬರುತ್ತಿತ್ತು. ಅಂದಿನಿಂದ ನಾಲ್ಕು ವರ್ಷ ಆ ಕಿರೀಟ ಕ್ಯಾಲಿಫೋರ್ನಿಯದಲ್ಲಿಯೇ ಉಳಿಯಿತು. ಇದಕ್ಕೆ ಕಾರಣಗಳನ್ನು ಹುಡುಕಿದವರಲ್ಲಿ ಕೆಲವರು, ಸ್ತ್ರೀಯರಿಗೂ ಸಮಾನ ಕ್ರೀಡಾವಕಾಶವನ್ನು ಕೊಡಬೇಕೆಂದ 1972ರ ಶಾಸನವನ್ನು ದೂರುವುದುಂಟು. ನನಗೆ ಅದು ನ್ಯಾಯವಾಗಿ ಕಾಣುವುದಿಲ್ಲ. ಒಂದು ತಂಡವು ಕೊಡಬಹುದಾದ ವಿದ್ಯಾರ್ಥಿವೇತನಗಳಿಗೆ ಆ ದಶಕದಲ್ಲಿ ಮಿತಿ ಬಿದ್ದು, ಹಿಂದೆ ಒಂದೇ ಕಡೆ ಗುಂಪುಗೂಡುತ್ತಿದ್ದ ಪ್ರತಿಭೆ ಹತ್ತು ಕಡೆ ಹಂಚಿಹೋದದ್ದು ಒಂದು ಕಾರಣ. ಇನ್ನೊಂದು ಕಾರಣ ಡಾಕ್‌ನ ಪುಸ್ತಕವೇ. ತನಗೆ ತಿಳಿದದ್ದನ್ನೆಲ್ಲ ಬರೆದು ಬಹಿರಂಗ ಮಾಡಿದವನು, ಎದುರಾಳಿಗಳ ಕೈಗೆ ತನ್ನ ಆಯುಧಗಳನ್ನು ತಾನೇ ಕೊಟ್ಟಿದ್ದನು. ವಿದ್ಯೆಯನ್ನು ಮುಚ್ಚಿಡುವ ಗುರುಗಳ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಸೋಲು ಗೆಲುವಿಗಿಂತ ಹೆಚ್ಚು ಪ್ರಿಯವಾಗಬಹುದು.

ಆದರೂ 1976ರ ಮಾಂಟ್ರಿಯಲ್ಲಿನಲ್ಲಿ ಡಾಕ್ ಮತ್ತೆ ಅಮೆರಿಕದ ಮುಖ್ಯ ಗುರು. ಪುರುಷರ ಹದಿಮೂರು ಸ್ಪರ್ಧೆಗಳಲ್ಲಿ ಹನ್ನೆರಡನ್ನು ಅವನ ತಂಡ ಗೆದ್ದಿತು. ಇಂಡಿಯಾನಾದ ಜಿಮ್ ಮಾಂಟ್‌ಗೊಮರಿ 100 ಮೀಟರ್ ಫ್ರೀಸ್ಟೈಲನ್ನು 49.99 ಸೆಕೆಂಡಿನಲ್ಲಿ ಮುಗಿಸಿ, ಐವತ್ತು ಸೆಕೆಂಡಿನ ಗಡಿಯನ್ನು ದಾಟಿದ ಮೊದಲಿಗನಾದನು. ಮೂರು ವರ್ಷಗಳ ನಂತರ, 1979ರ ಸೆಪ್ಟೆಂಬರಿನಲ್ಲಿ, ಐವತ್ತೆಂಟು ವಯಸ್ಸಿನ ಗುರುವು ತಾನೇ ನೀರಿಗಿಳಿದು, ಹದಿಮೂರು ತಾಸುಗಳಿಗೂ ಹೆಚ್ಚು ಕಾಲ ಈಜಿ, ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ಅಲ್ಲಿಯವರೆಗೆ ಅಷ್ಟು ವಯಸ್ಸಿನವರು ಯಾರೂ ಅದನ್ನು ದಾಟಿರಲಿಲ್ಲ. ಕ್ಯಾಮರಾದ ಹಿಂದೆ ನಿಂತು ಇತರರ ಕೈಗಳನ್ನು ಮೂವತ್ತು ವರ್ಷ ನೋಡಿದವನಿಗೆ, ಆ ತಣ್ಣೀರಿನಲ್ಲಿ ತನ್ನ ಕೈ ರೆಕ್ಕೆಯಾಗಿ ತೋರಿತೋ ಹುಟ್ಟಾಗಿ ತೋರಿತೋ, ಕೇಳಬೇಕೆನಿಸುತ್ತದೆ. 1989ರಲ್ಲಿ ಹೋಬಿಯೂ 1990ರಲ್ಲಿ ಡಾಕ್ ಕೂಡ ನಿವೃತ್ತರಾದರು. ಪಾರ್ಕಿನ್ಸನ್ ರೋಗವು ಡಾಕ್‌ನ ಕೈಗಳಿಗೇ ನಡುಕವನ್ನು ತಂದಿತು. 2004ರ ಜನವರಿಯಲ್ಲಿ ಅವನು ಬ್ಲೂಮಿಂಗ್ಟನ್ನಿನಲ್ಲಿ ತೀರಿಕೊಂಡನು. ಹೋಬಿಯು 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ತೀರ್ಪುಗಾರರ ಪರವಾಗಿ ಪ್ರಮಾಣವಚನ ಸ್ವೀಕರಿಸಿದ ಗೌರವವನ್ನು ಪಡೆದು, 2022ರವರೆಗೆ ಬಾಳಿದನು. ವಿಶ್ವವಿದ್ಯಾಲಯದ ಈಗಿನ ಈಜುಗೊಳಕ್ಕೆ ಇಬ್ಬರ ಹೆಸರನ್ನೂ ಜೋಡಿಸಿ ಇಟ್ಟಿದ್ದಾರೆ. ಅದೇ ನೀರಿನಲ್ಲಿ ಪಳಗಿದ ಲಿಲ್ಲಿ ಕಿಂಗ್ ಎಂಬಾಕೆ 2016ರ ರಿಯೊದಲ್ಲಿ ಜಾಸ್ಟ್ರೆಂಸ್ಕಿಯ ಕಪ್ಪೆಯೀಜಿನಲ್ಲಿಯೇ, ಅದೇ 100 ಮೀಟರಿನಲ್ಲಿ, ಸ್ವರ್ಣ ಗೆದ್ದಳು.

ನಮ್ಮಲ್ಲಿ ಈಜುಗಾರರನ್ನು ಬೆಳೆಸಿದ್ದು ವಿಶ್ವವಿದ್ಯಾಲಯಗಳಲ್ಲ, ಬೆಂಗಳೂರಿನ ಕ್ಲಬ್ಬುಗಳು. 2000ದ ಸಿಡ್ನಿಗೆ ಹೋದ ನಿಶಾ ಮಿಲೆಟ್‌ಳಿಂದ ಹಿಡಿದು, ಶಿಖಾ ಟಂಡನ್, ರೆಹಾನ್ ಪೊಂಚಾ, ಲಂಡನ್ನಿನಲ್ಲಿ 1,500 ಮೀಟರ್ ಈಜಿದ ಗಗನ್ ಉಳ್ಳಾಲಮಠ, ಶ್ರೀಹರಿ ನಟರಾಜ್, ಹದಿನಾಲ್ಕನೆಯ ವಯಸ್ಸಿಗೇ ಪ್ಯಾರಿಸ್ಸಿಗೆ ಹೋದ ಧಿನಿಧಿ ದೇಸಿಂಗು ವರೆಗೆ, ಎಲ್ಲರೂ ರಾಜಧಾನಿಯ ಕೊಳಗಳಲ್ಲಿ ಪಳಗಿದವರು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಮಡಿಲಿನ ನಮ್ಮ ಜಿಲ್ಲೆಯವರಿಗೆ ಈಸು ಎಂದರೆ ಈಗಲೂ ಸೋದರಮಾವ, ಬೆಂಡು, ಹಗ್ಗ.

ನಾನು ಕಲಿತ ಆ ಬಾವಿ ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಮುಳುಗಡೆಯ ಪರಿಹಾರಕ್ಕೆಂದು ತೋಟವನ್ನು ಅಳೆಯಲು ಬಂದ ನೌಕರನು ಬಾವಿಯ ಆಳವೆಷ್ಟೆಂದು ಕೇಳಿದಾಗ, ಮಾವನು ಅಡಿಗಳಲ್ಲಿ ಹೇಳಲಿಲ್ಲ. “ಒಮ್ಮೆ ಡೈ ಹೊಡದ್ರ ತಳಾ ಮುಟ್ಟಿ ಬರಾಕ ಒಂದ್ ಉಸರು ಸಾಲೂದಿಲ್ರಿ, ಸಾಹೇಬ್ರ” ಎಂದನು. ನೌಕರನು ಸ್ವಲ್ಪ ಹೊತ್ತು ಯೋಚಿಸಿ, ಕಾಗದದಲ್ಲಿ ಏನೋ ಒಂದು ಅಂಕಿ ಬರೆದುಕೊಂಡನು.